ಗೂಗಲ್ ಡಾಕ್‌ನಲ್ಲಿ ಯಾರು ಬರೆದರು ಅಂತ ಗೊತ್ತಾಗುತ್ತದೆ

ಮಂಗಳೂರಿನ ಡಿಗ್ರಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಗ್ರೂಪ್ ಅಸೈನ್‌ಮೆಂಟನ್ನು ಗೂಗಲ್ ಡಾಕ್‌ನಲ್ಲಿ ಮಾಡಿದರೆ ಯಾರು ಬರೆದರು ಅಂತ ಲೆಕ್ಚರರಿಗೆ ಗೊತ್ತಾಗುವುದಿಲ್ಲ, ಒಬ್ಬರು ಬರೆದರೆ ಸಾಕು' ಅಂತ. ಇದು ನಿಜವಲ್ಲ.

ಕಡತ ತೆರೆದು 'ಫೈಲ್' ಒತ್ತಿ, 'ವರ್ಷನ್ ಹಿಸ್ಟರಿ'ಗೆ ಹೋಗಿ. ಬಲಗಡೆ ದಿನಾಂಕ, ಸಮಯದ ಸಮೇತ ಹಳೆಯ ರೂಪಗಳ ಪಟ್ಟಿ ಬರುತ್ತದೆ. ಒಂದನ್ನು ಒತ್ತಿದರೆ ಯಾರು ಏನು ಸೇರಿಸಿದರು ಅನ್ನುವುದು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅಳಿಸಿದ ಸಾಲಿನ ಮೇಲೆ ಗೆರೆ ಎಳೆದಿರುತ್ತದೆ. ಆದರೆ ಇದನ್ನು ನೋಡಲು ಲೆಕ್ಚರರಿಗೆ ಎಡಿಟ್ ಮಾಡುವ ಅನುಮತಿ ಕೊಟ್ಟಿರಬೇಕು. ಬರೀ ಓದುವ ಅನುಮತಿ ಸಾಲದು.

ಮೆಸೇಜಿನಲ್ಲಿ ಸ್ವಲ್ಪ ನಿಜವೂ ಇದೆ. ಲಾಗಿನ್ ಆಗದೆ ಲಿಂಕ್ ಮೂಲಕ ಬರೆದವರ ಹೆಸರು ಬರುವುದಿಲ್ಲ. ಗೆಳತಿ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ನೀವು ಟೈಪ್ ಮಾಡಿದರೆ ಅದು ನಿಮ್ಮ ಹೆಸರಿಗೇ ಹೋಗುತ್ತದೆ. ಪಾಪ, ಅವಳ ಕೆಲಸ ಲೆಕ್ಕಕ್ಕೇ ಬರುವುದಿಲ್ಲ! ಹಾಗಾಗಿ ಲೆಕ್ಚರರುಗಳು ಬಣ್ಣ ನೋಡಿ ಸುಮ್ನೆ ಅಂಕ ಹಾಕಬಾರದು, ಗುಂಪಿನವರನ್ನು ಕೂರಿಸಿ ಕೇಳಬೇಕು.

2016ರಲ್ಲಿ ಶುರುವಾದ ತುಳು ವಿಕಿಪೀಡಿಯದಲ್ಲೂ ಅಷ್ಟೇ. ಪ್ರತಿ ಪುಟಕ್ಕೂ ಇತಿಹಾಸ ಇದೆ, ಅಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ದಾಖಲಾಗುತ್ತದೆ. ಲಾಗಿನ್ ಆಗಿದ್ದರೆ ನಿಮ್ಮ ಬಳಕೆದಾರ ಹೆಸರೂ ಅದರ ಪಕ್ಕದಲ್ಲೇ ಇರುತ್ತದೆ.

ಆ ಮೆಸೇಜ್ ನಂಬಿ ಕೈಕಟ್ಟಿ ಕೂತವರು ಇವತ್ತೇ ಸ್ವಂತ ಲಾಗಿನ್‌ನಲ್ಲಿ ನಿಮ್ಮ ಪಾಲು ಬರೆಯಲು ಶುರುಮಾಡಿ.