ಡಿಕ್ಕಿ ಲಾಕು ಕೆಟ್ಟರೆ ಇಲ್ಲೊಂದು ದಾರಿ, ಬಳ್ಳಾರಿಯಲ್ಲೊಂದು ದಾರಿ

"ಫಾರಿನ್ನಿನಲ್ಲಿ ಎಲ್ಲರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ನಮ್ಮವರಿಗೆ ಎಲ್ಲದಕ್ಕೂ ಆಳು ಬೇಕು" ಅನ್ನುವ ಮಾತನ್ನು ಹೇಳುವವರು ಬಹಳ ಮಟ್ಟಿಗೆ ನನ್ನಂಥ ಹೊರಗೆ ಹೋದವರೇ. ನನಗಿದು ಅರ್ಧ ಸುಳ್ಳು ಅನಿಸುತ್ತದೆ. ಕಾರಿನ ಡಿಕ್ಕಿ ಲಾಕು ಕೆಟ್ಟಾಗ ಏನಾಗುತ್ತದೆ ಅಂತ ನೋಡಿದರೂ ಸಾಕು, ಗೊತ್ತಾಗುತ್ತದೆ.

ನನ್ನೂರು ಬಳ್ಳಾರಿ, ಇರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿ ಗ್ಯಾರೇಜಿನವರು ಗಂಟೆ ಲೆಕ್ಕದಲ್ಲಿ ಕೂಲಿ ಹಾಕುತ್ತಾರೆ. ಡಿಕ್ಕಿ ತೆರೆಯುತ್ತಿಲ್ಲ ಅಂತ ಕಾರು ಒಯ್ದರೆ, ಮೊದಲು ನೋಡುವುದಕ್ಕೆ ದುಡ್ಡು, ಆಮೇಲೆ ಬಿಚ್ಚುವುದಕ್ಕೆ ದುಡ್ಡು, ಕೊನೆಗೆ ಲಾಕಿನ ಬೆಲೆಗಿಂತ ಕೂಲಿಯೇ ಜಾಸ್ತಿ ಆಗುವುದೂ ಉಂಟು. ಹಾಗಾಗಿ ಶನಿವಾರ ಬೆಳಿಗ್ಗೆ ಮನೆ ಮುಂದೆ ಪಾನಾ ಹಿಡಿದು ನಿಂತವರು ಕಾಣುತ್ತಾರೆ. ಇದರಲ್ಲಿ ದೊಡ್ಡ ಸ್ವಾವಲಂಬನೆ ಏನಿಲ್ಲ, ಜೇಬಿನ ಲೆಕ್ಕ ಅಷ್ಟೇ.

ಆದರೆ ಈ ಲೆಕ್ಕದಿಂದ ಒಂದು ಒಳ್ಳೆಯದೂ ಆಗಿದೆ. ಬಿಚ್ಚುವ ವಿದ್ಯೆಯನ್ನು ಇವರು ಬರೆದಿಟ್ಟಿದ್ದಾರೆ. ಜಾನ್ ಹೇಯ್ನ್ಸ್ ಎಂಬಾತ 1966ರಲ್ಲಿ ಒಂದು ಕಾರಿನ ರಿಪೇರಿ ಪುಸ್ತಕ ತಂದ. ಆಮೇಲೆ ಕಾರನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಫೋಟೋ ಸಮೇತ ಬರೆಯುವುದೇ ಅವನ ಕಂಪನಿಯ ಕಸುಬಾಯಿತು. ಈಗ ವಿಡಿಯೋ ಇವೆ. ಯಾವ ಬೋಲ್ಟ್ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಡಿಕ್ಕಿ ಲಾಕಿನಲ್ಲಿ ಅಂಥ ರಹಸ್ಯ ಏನೂ ಇಲ್ಲ. ಬಟನ್ ಒತ್ತಿ ಕಿವಿಗೊಡಿ. "ಟಕ್" ಅಂತ ಸದ್ದು ಬಂದೂ ಬಾಗಿಲು ಏಳದಿದ್ದರೆ ಮೋಟರಿಗೆ ಜೀವ ಇದೆ, ಕೊಕ್ಕೆ ಹಿಡಿದುಕೊಂಡಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ವೈರ್, ಬಟನ್, ಇಲ್ಲವೇ ಮೋಟರ್. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಬಾಗಿಲಿಗೆ ವೈರುಗಳು ಹೋಗುವ ರಬ್ಬರ್ ಕೊಳವೆಯನ್ನು ಮೊದಲು ನೋಡಬೇಕು. ಬಾಗಿಲು ಎತ್ತಿ ಇಳಿಸಿ, ಎತ್ತಿ ಇಳಿಸಿ ಅದರೊಳಗೆ ವೈರ್ ಮುರಿದಿರುತ್ತದೆ, ಹೊರಗಿನಿಂದ ನೋಡಿದರೆ ರಬ್ಬರ್ ಮಾತ್ರ ಗಟ್ಟಿಮುಟ್ಟಾಗಿ ಕೂತಿರುತ್ತದೆ. ನಂಬರ್ ಪ್ಲೇಟಿನ ದೀಪವೂ ಜೊತೆಗೇ ಹೋಗಿದ್ದರೆ ಅನುಮಾನ ಅಲ್ಲಿಗೇ ಹೋಗಬೇಕು, ಎರಡಕ್ಕೂ ವೈರ್ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಬರುತ್ತದೆ. ಇಲ್ಲಿ 3 ವರ್ಷ ದಾಟಿದ ಕಾರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು, ಅದರಲ್ಲಿ ಆ ದೀಪವನ್ನೂ ನೋಡುತ್ತಾರೆ. ನಮ್ಮಲ್ಲಿ ಸ್ವಂತ ಕಾರಿನ ರಿಜಿಸ್ಟ್ರೇಷನ್ನೇ 15 ವರ್ಷಕ್ಕೆ, ದೀಪ ಹೋದದ್ದು ಯಾರಿಗೆ ಗೊತ್ತಾಗಬೇಕು?

ಮುಚ್ಚಿಕೊಂಡ ಡಿಕ್ಕಿಯನ್ನು ತೆರೆಯಲು ಹಿಂದಿನ ಸೀಟು ಮಡಚಿ ಒಳಗೆ ತೂರಬೇಕು. ಇದು ಚಂದ ಕಾಣುವ ಕೆಲಸ ಅಲ್ಲ, ಹೊಟ್ಟೆ ಇದ್ದವರಿಗೆ ಇನ್ನೂ ಕಷ್ಟ. ಲಾಕಿನ ಒಳಬದಿ ಕೆಲವು ಕಾರುಗಳಲ್ಲಿ ಚಿಕ್ಕ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಸ್ಕ್ರೂಡ್ರೈವರಿನಲ್ಲಿ ಲಿವರ್ ತಳ್ಳಿದರೆ ಬಾಗಿಲು ಬಿಟ್ಟುಕೊಳ್ಳುತ್ತದೆ.

ಲಾಕು ಕೈಗೆ ಬಂದ ಮೇಲೆ ಏನು ಮಾಡುತ್ತೇವೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು. ಇಲ್ಲಿ ಹಳೇದನ್ನು ಬಿಸಾಕಿ ಹೊಸ ಲಾಕು ಹಾಕುತ್ತಾರೆ. ಮನೆಯಲ್ಲೇ ಮಾಡಿಕೊಂಡೆ ಅಂತ ಹೆಮ್ಮೆ ಪಡುವವರಲ್ಲಿ ಹೆಚ್ಚಿನವರು ಮಾಡಿದ್ದು ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದ್ದು. ನಾನೂ ಅದನ್ನೇ ಮಾಡುವುದು, ಸುಮ್ನೆ ಯಾಕೆ ಸುಳ್ಳು ಹೇಳಲಿ. ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮ ಮನೆಯವರು ಕಾರು ಬಿಡುವ ಮೆಕ್ಯಾನಿಕ್ ಇದ್ದಾರೆ, ವಯಸ್ಸಾದವರು, ನಾವು ಚಾಚಾ ಅನ್ನುತ್ತೇವೆ. ಅವರು ಅದೇ ಲಾಕನ್ನು ಕೈಯಲ್ಲಿ ತಿರುಗಿಸಿ ನೋಡಿ, ರಿವೆಟ್ಟಿನ ತಲೆ ಉಜ್ಜಿ ತೆಗೆದು, ಹೊಟ್ಟೆ ಬಿಚ್ಚಿದರು. ಬೆರಳ ಗಾತ್ರದ ಮೋಟರು. ಹಳೇ ಡಬ್ಬಿಯೊಂದನ್ನು ಕೆದಕಿ ಅದೇ ಅಳತೆಯ ಇನ್ನೊಂದು ಮೋಟರ್ ಹುಡುಕಿದರು, ಪ್ಲಾಸ್ಟಿಕ್ ಗಾಲಿಯನ್ನು ಅದಕ್ಕೆ ದಾಟಿಸಿದರು, ರಿವೆಟ್ ಇದ್ದ ಕಡೆ ಸಣ್ಣ ನಟ್ಟು ಬೋಲ್ಟು. "ಹೊಸದ್ಯಾಕ್ ಬೇಕಪಾ, ಸತ್ತಿದ್ದು ಇದೊಂದೇ" ಅಂದರು. ರಿಪೇರಿ ಅಂದರೆ ಅದು, ಅಲ್ವಾ? ಯಾವ ಪುಸ್ತಕದಲ್ಲೂ ಅವರಿಗೆ ಇದು ಸಿಕ್ಕಿದ್ದಲ್ಲ, ಯಾವ ಪುಸ್ತಕಕ್ಕೂ ಅವರಿಂದ ಹೋಗುವುದೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಇನ್ನು ಕೆಡುವುದರಲ್ಲೂ ಎರಡೂರಿಗೆ ಎರಡು ರೀತಿ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ಹಿಂದಿನ ಗಾಲಿಯಿಂದ ಎದ್ದು ಲಾಕಿನವರೆಗೆ ಹೋಗಿ ತುಕ್ಕು ಹಿಡಿಸುತ್ತದೆ. ಬಳ್ಳಾರಿಯಲ್ಲಿ ತುಕ್ಕಿಗಿಂತ ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ ಅದಿರು ಲಾರಿಗಳು ಸಾಲುಗಟ್ಟುತ್ತಿದ್ದ ಕಾಲ ನೆನಪಿದ್ದವರಿಗೆ ಆ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಈಗಲೂ ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರಿನ ಡಿಕ್ಕಿ ಅಂಚಿನಲ್ಲಿ ಬೆರಳು ಆಡಿಸಿ ನೋಡಿ. ಲಾಕಿಗೆ ಯಾರೋ ಒಳ್ಳೆ ಮನಸ್ಸಿನಿಂದ ಗ್ರೀಸ್ ಮೆತ್ತಿರುತ್ತಾರೆ, ಅದಕ್ಕೆ ಧೂಳು ಹತ್ತಿ ಕೆಂಪು ಚಟ್ನಿಯ ಹಾಗೆ ಗಟ್ಟಿಯಾಗಿ ಕೊಕ್ಕೆಯನ್ನು ಕಚ್ಚಿಕೊಂಡಿರುತ್ತದೆ. ಇದಕ್ಕೆ ಹೊಸ ಲಾಕೂ ಬೇಡ, ಮೋಟರೂ ಬೇಡ. ಹಳೇ ಹಲ್ಲುಜ್ಜುವ ಬ್ರಶ್ಶು, ಒಂದಿಷ್ಟು ತುಕ್ಕು ಬಿಡಿಸುವ ಸ್ಪ್ರೇ, ಬಟ್ಟೆಯಲ್ಲಿ ಒರೆಸಿ ಆಮೇಲೆ ಸ್ವಲ್ಪವೇ ಸ್ವಲ್ಪ ಗ್ರೀಸ್.

ಇಷ್ಟನ್ನೂ ನಮ್ಮವರು ಮನೆಯಲ್ಲಿ ಯಾಕೆ ಮಾಡಲ್ಲ? ಕೂಲಿ ಕಡಿಮೆ ಅನ್ನುವುದು ಒಂದು ಕಾರಣ, ಅದು ಸರಿಯೇ. ಇನ್ನೊಂದು ಕಾರಣ ನನಗೆ ಅಷ್ಟು ಹಿಡಿಸುವುದಿಲ್ಲ. ಕಾಂಪೌಂಡಿನಲ್ಲಿ ಅಂಗಿ ತೋಳು ಮಡಚಿ ಕೂತರೆ ಎದುರುಮನೆ ಕಾಕಾ "ಯಾಕ್ ತಮ್ಮಾ, ಗ್ಯಾರೇಜಿಗೆ ಕೊಡಾಕ ರೊಕ್ಕ ಇಲ್ಲೇನು? ಲಂಡನ್ನಿಂದ ಬಂದಿ" ಅನ್ನುತ್ತಾರೆ. ಅವರ ಪ್ರಕಾರ ನಾನು ಲಂಡನ್ನಿನಲ್ಲೇ ಇರುವುದು, ತಿದ್ದುವುದನ್ನು ಬಿಟ್ಟಿದ್ದೇನೆ. ಕೈ ಕೊಳೆ ಮಾಡಿಕೊಳ್ಳುವುದು ಮರ್ಯಾದೆಗೆ ಕಡಿಮೆ ಅನ್ನುವ ಈ ಭಾವನೆಯೇ ಚಾಚಾರ ಕೆಲಸಕ್ಕೂ ಬೆಲೆ ಸಿಗದಂತೆ ಮಾಡಿರುವುದು. ಐದು ನೂರು ಕೇಳಿದರೆ "ಇಷ್ಟು ಚಿಕ್ಕ ಕೆಲಸಕ್ಕಾ?" ಅಂತ ಚೌಕಾಸಿ ಮಾಡುವವರು ಒಮ್ಮೆಯೂ ಆ ಲಾಕಿನ ಒಳಗೆ ಇಣುಕಿದವರಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ: ತೊಳೆಯುವುದು, ಫ್ಯೂಸ್ ನೋಡುವುದು, ಸದ್ದು ಕೇಳುವುದು ಮನೆಯಲ್ಲಿ. ಮೋಟರ್ ಬಿಚ್ಚುವುದು ಚಾಚಾರಂಥವರ ಕೈಯಲ್ಲಿ, ಕೇಳಿದಷ್ಟು ಕೊಟ್ಟು, ಪಕ್ಕದಲ್ಲಿ ನಿಂತು ನೋಡುತ್ತಾ. ಅವರು ಬೇಡ ಅನ್ನದಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಕನ್ನಡದಲ್ಲೇ ನಾಲ್ಕು ಮಾತು ಕೇಳಿ ಹಾಕಿ.

ಮನೆಯಲ್ಲಿ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಲಾಕು ಮತ್ತೆ ಕೂರಿಸಿದ ಮೇಲೆ ಬಾಗಿಲು ಹಾಕಿಬಿಡಬೇಡಿ. ಬಾಗಿಲು ಮೇಲೆತ್ತಿದ್ದಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ ಮುಚ್ಚಿ, ಬಟನ್ ಒತ್ತಿ. ಕೊಕ್ಕೆ ಬಿಟ್ಟುಕೊಂಡರೆ ಮಾತ್ರ ಬಾಗಿಲು ಇಳಿಸಿ, ಇಲ್ಲದಿದ್ದರೆ ಮತ್ತೆ ಸೀಟು ಮಡಚಿ ಒಳಗೆ ತೂರಬೇಕಾಗುತ್ತದೆ.