ಅತ್ತೆಗೆ ನಾಲ್ಕು ತಿಂಗಳು ಹೇಳಿರ್ಲಿಲ್ಲ

2025ರ ಜುಲೈನಲ್ಲಿ ನನ್ನ ಕೆಲಸ ಹೋಯ್ತು. 13 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್, ಅದ್ರಲ್ಲಿ 8 ವರ್ಷ ಒಂದೇ ಕಂಪನಿ, ಒಂದೇ ಇನ್ಶೂರೆನ್ಸ್ ಪ್ರಾಜೆಕ್ಟು. ಹೆಚ್‌ಆರ್ ಒಂದು ರೂಮಿಗೆ ಕರ್ದು, ನೀವಾಗೇ ರಿಸೈನ್ ಮಾಡಿದ್ರೆ ರಿಲೀವಿಂಗ್ ಲೆಟರ್ ಕ್ಲೀನಾಗಿ ಬರುತ್ತೆ, ಇಲ್ಲಾಂದ್ರೆ ಟರ್ಮಿನೇಶನ್ ಅಂತ ಹಾಕ್ಬೇಕಾಗುತ್ತೆ, ಮುಂದೆ ನಿಮಗೇ ಕಷ್ಟ ಅಂದ್ರು, ನಾನು ಅರ್ಧ ಗಂಟೇಲಿ ಪೋರ್ಟಲ್‌ನಲ್ಲಿ ರಿಸೈನ್ ಕೊಟ್ಟು ಎದ್ದು ಬಂದೆ. ಯಾರನ್ನೂ ಕೇಳ್ಲಿಲ್ಲ. ಕಂಪನಿನೇ ತೆಗೆದ್ರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೇಳೋ ದಾರಿ ಕಾನೂನಲ್ಲಿದೆ, ಐಟಿಯವರು ಆ ಕಾನೂನಿನ ಪ್ರಕಾರ ಕಾರ್ಮಿಕರು ಹೌದೋ ಅಲ್ವೋ ಅಂತ ಜಗಳ ಇದ್ರೂ ಕೇಳೋಕಾದ್ರೂ ಆಗುತ್ತೆ, ನಾವೇ ರಾಜೀನಾಮೆ ಬರ್ಕೊಟ್ರೆ ಆ ಬಾಗ್ಲು ಹೆಚ್ಚುಕಮ್ಮಿ ಮುಚ್ಚಿದ ಹಾಗೇ. ಇದೆಲ್ಲ ಗೊತ್ತಾಗಿದ್ದು ಆಮೇಲೆ. ಕೆಐಟಿಯು ಅಂತ ಐಟಿ ನೌಕರರ ಯೂನಿಯನ್ ನಮ್ಮೂರಲ್ಲೇ 2017ರಿಂದ ಇದೆ, ಒಂದು ಫೋನ್ ಮಾಡ್ಬಹುದಿತ್ತು.

ನಮ್ಮನೆಯವ್ರಿಗೆ ಮಾತ್ರ ಹೇಳಿದೆ. ಅತ್ತೆಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಕಟ್ಕೊಂಡು, ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ದಾಸರಹಳ್ಳೀಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಲೈನ್ ಚೇಂಜ್ ಮಾಡಿ, ಕಬ್ಬನ್ ಪಾರ್ಕ್ ಒಳಗಿರೋ ಆ ಕೆಂಪು ಕಟ್ಟಡದ ಲೈಬ್ರರಿಗೆ ಹೋಗಿ ಕೂರ್ತಿದ್ದೆ. ಅಲ್ಲೇ ಪ್ರೊಫೈಲ್ ಅಪ್‌ಡೇಟು, ಅಲ್ಲೇ ಸೆಲೆನಿಯಂ ಅಂತ ಆಟೊಮೇಷನ್ ಟೂಲ್, ಅಂದ್ರೆ ಟೆಸ್ಟಿಂಗ್ ತಾನಾಗೇ ನಡೆಯೋ ಹಾಗೆ ಮಾಡೋದು, ಕಲಿಯೋದು, ಫೋನ್ ಬಂದ್ರೆ ಓಡಿ ಹೊರಗೆ ಮರದ ಕೆಳಗೆ ನಿಂತು ಮಾತಾಡೋದು.

ಸುಮಾರು 180 ಕಡೆ ಅಪ್ಲೈ ಮಾಡಿದೆ, ಇಂಟರ್ವ್ಯೂ ಅಂತ ಆಗಿದ್ದು 9. ಆಟೊಮೇಷನ್ ಎಷ್ಟು ವರ್ಷ ಮಾಡಿದೀರ, ಗ್ಯಾಪ್ ಯಾಕಿದೆ, ಇವೆರಡೇ. ಗ್ಯಾಪ್ ಅನ್ನೋ ಪದಾನ ಏನೋ ಅಪರಾಧ ಮಾಡಿದವ್ರನ್ನ ಕೇಳೋ ಥರ ಕೇಳ್ತಾರೆ. ಮೂರು ರೌಂಡ್ ಮುಗ್ಸಿ, ಬೆಳಿಗ್ಗೆಯಿಂದ ಸಂಜೆವರೆಗೆ ಕೂರ್ಸಿ, ಆಮೇಲೆ ಒಂದು ಸಾಲಿನ ಇಮೇಲೂ ಇಲ್ಲ. ಇಂಟರ್ವ್ಯೂ ತಗೊಳ್ಳೋ ಜಾಗದಲ್ಲಿರೋ ಸ್ನೇಹಿತ್ರೇ, ದಯವಿಟ್ಟು ಆಗಲ್ಲ ಅಂದ್ರೆ ಆಗಲ್ಲ ಅಂತಾದ್ರೂ ಹೇಳಿ. ಕಾಯೋದು ತುಂಬ ಸಂಕಟ. ಒಬ್ಬ ಕನ್ಸಲ್ಟೆನ್ಸಿಯವ್ನು ದುಡ್ಡು ಕೊಡಿ, ಆಟೊಮೇಷನ್ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡ್ಸಿಕೊಡ್ತೀನಿ ಅಂದ. ಕೊಡ್ಲಿಲ್ಲ, ಆದ್ರೆ ಒಂದು ರಾತ್ರಿ ಪೂರ್ತಿ ಅದನ್ನೇ ಯೋಚ್ನೆ ಮಾಡಿದ್ದು ನಿಜ.

ನವೆಂಬರ್‌ನಲ್ಲಿ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್‌ಗೆ ಡೇಟ್ ಕೊಟ್ರು. ನಿನ್ ಕಂಪನಿ ಕಾರ್ಡ್ ತಗೊಂಡ್ ಬಾಮ್ಮ ಅಂದ್ರು. ಆ ಹೆಲ್ತ್ ಇನ್ಶೂರೆನ್ಸ್ ಕಾರ್ಡು ಕೆಲಸದ ನನ್ನ ಕೊನೇ ದಿನಕ್ಕೇ ನಿಂತೋಗಿತ್ತು. ಕೆಲಸ ಬಿಡೋ ಮುಂಚೆನೇ ಅದೇ ಇನ್ಶೂರೆನ್ಸ್ ಕಂಪನಿಗೆ ಬರೆದು ಗ್ರೂಪ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಯ್ಸಿಕೊಡಿ ಅಂತ ಕೇಳ್ಬಹುದು, ನಂಗೆ ಆ ಗಾಬರೀಲಿ ಹೊಳೀಲೇ ಇಲ್ಲ, ನೀವ್ಯಾರೂ ಮರೀಬೇಡಿ. ಅಡುಗೆಮನೇಲಿ ನಿಂತ್ಕೊಂಡು ಎಲ್ಲಾ ಹೇಳ್ಬಿಟ್ಟೆ.

ಅತ್ತೆ ಪೀಣ್ಯದಲ್ಲಿ ಗಾರ್ಮೆಂಟ್ಸ್‌ನಲ್ಲಿ 19 ವರ್ಷ ಹೊಲಿದವ್ರು. ಅವ್ರು ಬೈಲಿಲ್ಲ. ನಾಲ್ಕು ತಿಂಗ್ಳು ಒಬ್ಳೇ ಓಡಾಡಿದ್ಯಲ್ಲೇ, ನಮ್ ಫ್ಯಾಕ್ಟ್ರಿ ಮುಚ್ಚಿದಾಗ ನಾವ್ಯಾರೂ ಒಬ್ಬೊಬ್ರೇ ಮನೆಗೆ ಹೋಗ್ಲಿಲ್ಲ, ಗೇಟ್ ಹತ್ರ ಕೂತು ಯಾರ್ಯಾರಿಗೆ ಎಲ್ಲೆಲ್ಲಿ ಕೆಲ್ಸ ಇದೆ ಅಂತ ಮಾತಾಡ್ಕೊಂಡೇ ಎದ್ದಿದ್ದು ಅಂದ್ರು. ಆಮೇಲೆ, ಪಿಎಫ್ ಇದೆ ತಾನೆ, ಅದಕ್ಕೇ ಅಲ್ವಾ ನಾವು ರೋಡಿಗೆ ಬಂದಿದ್ದು ಅಂದ್ರು.

2016ರ ಏಪ್ರಿಲ್. ಕಂಪನಿ ಕಟ್ಟೋ ಪಿಎಫ್ ಭಾಗಾನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ರೂಲ್ ತಂದಿದ್ದಕ್ಕೆ ಬೊಮ್ಮನಹಳ್ಳೀಲಿ ಹೊಸೂರು ರೋಡು, ಈ ಕಡೆ ತುಮಕೂರು ರೋಡು ಎಲ್ಲಾ ಗಾರ್ಮೆಂಟ್ಸ್ ಹೆಣ್ಮಕ್ಕಳು ನಿಲ್ಲಿಸಿಬಿಟ್ಟಿದ್ರು, ಎರಡೇ ದಿನಕ್ಕೆ, 19ನೇ ತಾರೀಕು ಸರ್ಕಾರ ಆ ರೂಲ್ ವಾಪಸ್ ತಗೊಳ್ತು. ಅವ್ರಿಗೆ ಕೆಲಸ ಯಾವತ್ತು ಬೇಕಾದ್ರೂ ಹೋಗುತ್ತೆ ಅನ್ನೋದು ಗೊತ್ತಿತ್ತು, ಆ ದಿನಕ್ಕೆ ಇರೋದು ಆ ದುಡ್ಡೊಂದೇ ಅಂತಾನೂ ಗೊತ್ತಿತ್ತು. ಅತ್ತೆ ಜಾಲಹಳ್ಳಿ ಕ್ರಾಸ್ ಹತ್ರ ಕೂತಿದ್ರು. ನಾನು ಅದೇ ರೋಡಲ್ಲಿ ಕಂಪನಿ ಕ್ಯಾಬ್‌ನಲ್ಲಿ ಸಿಕ್ಕಾಕ್ಕೊಂಡು, ಇವ್ರಿಗೆಲ್ಲ ಯಾಕ್ ಬೇಕು ಇದು ಅಂತ ಟೀಮ್‌ಗೆ ಮೆಸೇಜ್ ಹಾಕಿದ್ದೆ. ಈಗ ನಮ್ಮನೆ ಬಾಡಿಗೆ, ಅವ್ರ ಕಣ್ಣಿನ ಆಪರೇಷನ್ನು ಎರಡೂ ನಡೆದಿದ್ದು ನನ್ನ ಪಿಎಫ್ ದುಡ್ಡಲ್ಲೇ. ಆ ಮೆಸೇಜ್ ನೆನಪಾದಾಗ್ಲೆಲ್ಲ ನಾಚಿಕೆ ಆಗುತ್ತೆ.

ಅವತ್ತು ಸಂಜೆ ಅತ್ತೆ ತಮ್ಮ ಹಳೇ ಲೈನಿನ ಗೆಳತಿಯರಿಗೆಲ್ಲ ಫೋನ್ ಹಚ್ಚಿದ್ರು. ನಮ್ ಸೊಸೆಗೆ ಕೆಲ್ಸ ಹೋಗಿದೆ, ಇನ್ಶೂರೆನ್ಸ್ ಕಂಪ್ಯೂಟರ್ ಕೆಲ್ಸ ಗೊತ್ತು ಅಂತ ಇಷ್ಟೇ. ಅವ್ರಲ್ಲಿ ಒಬ್ರ ಮಗಳು ಒಂದು ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿದ್ದಾಳೆ, ಅಲ್ಲಿ ಇನ್ಶೂರೆನ್ಸ್ ಡೆಸ್ಕ್‌ಗೆ ಜನ ಬೇಕಿತ್ತು. ಪ್ರೀ-ಆಥ್, ಅಂದ್ರೆ ಚಿಕಿತ್ಸೆಗೆ ಮುಂಚೆ ಇನ್ಶೂರೆನ್ಸ್‌ನವ್ರ ಒಪ್ಪಿಗೆ ಕೇಳೋ ಅರ್ಜಿ, ಕಳ್ಸೋದು, ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಟಿಪಿಎಯವ್ರು ಕ್ವೆರಿ ಹಾಕಿದ್ರೆ ಉತ್ತರ ಕೊಡೋದು, ಡಿಸ್ಚಾರ್ಜ್ ದಿನ ಅಪ್ರೂವಲ್‌ಗೆ ಬೆನ್ನು ಹತ್ತೋದು. ಕ್ಲೇಮ್ ಯಾವ್ಯಾವ ಕಾರಣಕ್ಕೆ ರಿಜೆಕ್ಟ್ ಆಗುತ್ತೆ ಅಂತ 8 ವರ್ಷ ಟೆಸ್ಟ್ ಕೇಸ್ ಬರೆದಿದ್ದೆನಲ್ಲ, ಇಂಟರ್ವ್ಯೂನಲ್ಲಿ ಮೊದಲ್ನೇ ಸಲ ಎದುರಿಗೆ ಕೂತವ್ರು ನಾನು ಹೇಳೋದನ್ನ ಬರ್ಕೊಂಡ್ರು. ಸಂಬಳ ಮೊದಲಿಗಿಂತ ಅರ್ಧಕ್ಕೂ ಕಮ್ಮಿ, ಕಾರು ಮಾರಿದ್ವಿ, ಇನ್ನೂ ಹಲವು ಕಡೆ ಕೈ ಹಿಡೀಬೇಕು. ಆದ್ರೆ ಹೋದ ವಾರ ಒಬ್ರು ಅಜ್ಜನ ಕ್ಲೇಮ್ ಒಂದು ಪೇಪರ್ ಕೊರತೆಗೆ ನಿಂತಿದ್ದನ್ನ ಸಂಜೆಯೊಳಗೆ ಪಾಸ್ ಮಾಡಿಸಿದೆ, ಅವ್ರ ಮಗ ಎರಡೂ ಕೈ ಹಿಡ್ಕೊಂಡು ಅತ್ತುಬಿಟ್ರು.

ಟೆಸ್ಟಿಂಗ್‌ನಲ್ಲಿದ್ದು, ಅದ್ರಲ್ಲೂ ಹೆಲ್ತ್ ಇನ್ಶೂರೆನ್ಸ್ ಗೊತ್ತಿದ್ದು ಕೆಲಸ ಹೋಗಿರೋರು ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ. ನಮ್ಮಲ್ಲಿ ಇನ್ನೊಂದು ಜಾಗ ಖಾಲಿ ಇದೆ, ನೈಟ್ ಶಿಫ್ಟ್ ಇರುತ್ತೆ, ಸಂಬಳ ಎಷ್ಟು ಅಂತ ಮುಚ್ಚಿಡದೆ ಹೇಳ್ತೀನಿ.