ದೊರೆಸಾನಿಗೆ ಹಬೆ, ಬಡವನಿಗೆ ಬೆಡ್ಲಂ

ಊಟ ಮುಗಿಸಿ, ಕಾಲು ಚಾಚಿ, 'ಯಾಕೋ ಯಾವುದಕ್ಕೂ ಮನಸ್ಸೇ ಇಲ್ಲ' ಅಂದರೆ ನಮ್ಮ ಅಜ್ಜಿಯಂದಿರು ಏನಂತಿದ್ದರು? 'ಎದ್ದು ನಾಲ್ಕು ಕೊಡ ನೀರು ಸೇದು, ಸರಿಹೋಗುತ್ತೆ.' ಪಾಪ, ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಬಂದಿದ್ದರೆ ಇದು ಸೋಮಾರಿತನ ಅಲ್ಲ, ವೇಪರ್ಸ್ ಅಂತ ಗೊತ್ತಾಗುತ್ತಿತ್ತು.

ವೇಪರ್ಸ್ ಅಂದರೆ ಹಬೆ. ಇಡ್ಲಿ ಪಾತ್ರೆಯದಲ್ಲ, ಹೊಟ್ಟೆಯದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ದೊರೆಸಾನಿಯರ ಹೊಟ್ಟೆಯಿಂದ ಹಬೆ ಎದ್ದು ಸೀದಾ ತಲೆಗೆ ಏರುತ್ತಿತ್ತಂತೆ. ಏರಿದ ಕೂಡಲೇ ಒರಗಿಬಿಡಬೇಕು. ಕೆಲಸದವಳು ಓಡಿಬಂದು ಮೂಗಿಗೆ ಸ್ಮೆಲ್ಲಿಂಗ್ ಸಾಲ್ಟಿನ ಸೀಸೆ ಹಿಡಿಯಬೇಕು. ಆ ಅಮೋನಿಯಾ ಘಾಟಿಗೆ ಹೆಣವೂ ಎದ್ದು ಕೂರುತ್ತೆ, ಇನ್ನು ದೊರೆಸಾನಿ ಏಳಲ್ವಾ? ಸೀಸೆ ಹಿಡಿದು ಓಡುವವಳಿಗೆ ಮಾತ್ರ ಈ ಹಬೆ ಏರಿದ್ದಕ್ಕೆ ದಾಖಲೆ ಹುಡುಕುವುದು ಕಷ್ಟ.

ಈ ದೊಡ್ಡವರ ಕಾಯಿಲೆಗಳ ಮೇಲೆ ಜಾರ್ಜ್ ಚೇನಿ ಎಂಬ ಡಾಕ್ಟರು 1733ರಲ್ಲಿ 'ದಿ ಇಂಗ್ಲಿಷ್ ಮ್ಯಾಲಡಿ' ಅಂತ ಪುಸ್ತಕವನ್ನೇ ಬರೆದರು. ಅನುಕೂಲಸ್ಥರ ಕಾಯಿಲೆಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ನರಗಳದ್ದು ಅಂತ ಲೆಕ್ಕ ಕೊಟ್ಟರು. ಕಾರಣ? ಭರ್ಜರಿ ಊಟ, ಕೂತಲ್ಲೇ ಕೂರುವ ಬದುಕು, ಸಿರಿತನ. ಅಂದರೆ ದೇಶಕ್ಕೆ ಕಾಯಿಲೆ ಬಂದಿಲ್ಲ, ದೇಶ ಮುಂದುವರಿದಿದೆ! ಈ ಡಾಕ್ಟರೇ ಒಂದು ಕಾಲಕ್ಕೆ 200 ಕಿಲೋ ತೂಗುತ್ತಿದ್ದರು. ಹಾಲು, ತರಕಾರಿ ತಿಂದು ಇಳಿದರು. ಬೇರೆಯವರಿಗೂ ಅದನ್ನೇ ಹೇಳಿದರು. ನಮ್ಮಜ್ಜಿಯ ಮಾತೇ, ಫೀಸು ಬೇರೆ.

ಸರಿ, ದುಡ್ಡಿಲ್ಲದವನ ತಲೆ ಕೆಟ್ಟರೆ? ಅವನಿಗೆ ಬೆಡ್ಲಂ. ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆಯ ಹೆಸರು ಜನರ ಬಾಯಲ್ಲಿ ಸವೆದು ಹಾಗಾಯಿತು. ಇಂದಿಗೂ ಇಂಗ್ಲಿಷಿನಲ್ಲಿ ಗದ್ದಲ ಗಲಾಟೆಗೆ ಅದೇ ಮಾತು. 1770ರವರೆಗೂ ಜನ ಹಬ್ಬದ ದಿನ ಅಲ್ಲಿಗೆ ಹೋಗಿ, ಡಬ್ಬಿಗೆ ಕಾಸು ಹಾಕಿ, ಹುಚ್ಚರನ್ನು ನೋಡಿ ನಕ್ಕು ಬರುತ್ತಿದ್ದರು. ಒಳಗಿದ್ದವನು ಕಿರುಚಿದರೆ ತಮಾಷೆ. ನೋಡಲು ಬಂದವಳು ಅದಕ್ಕೆ ತಲೆತಿರುಗಿ ಒರಗಿದರೆ ಕಾಯಿಲೆ.

ಕಾಯಿಲೆಗೂ ಒನಪಿಗೂ ನೆಂಟಸ್ತನ ಬೆಳೆದದ್ದು ಇನ್ನೂ ಚೆನ್ನಾಗಿದೆ. 1867ರಲ್ಲಿ ಇಂಗ್ಲೆಂಡಿನ ಯುವರಾಣಿ ಅಲೆಕ್ಸಾಂಡ್ರಾಗೆ ಕೀಲು ಹಿಡಿಯುವ ರುಮ್ಯಾಟಿಕ್ ಜ್ವರ ಬಂತು. ವಾಸಿಯಾದರೂ ಮಂಡಿ ಬಿಗಿದುಕೊಂಡಿತು. ಆಕೆ ಪಾಪ ಕುಂಟುತ್ತಾ ನಡೆದರು. ನೋಡುನೋಡುತ್ತಿದ್ದಂತೆ ಸೊಗಸುಗಾತಿಯರೆಲ್ಲ ಕುಂಟತೊಡಗಿದರು! ಅದಕ್ಕೆ 'ಅಲೆಕ್ಸಾಂಡ್ರಾ ಲಿಂಪ್' ಅಂತ ಹೆಸರೂ ಬಿತ್ತು. ಮೊದಮೊದಲು ಬೇರೆ ಬೇರೆ ಜೋಡಿಯ ಒಂದೊಂದು ಶೂ ಹಾಕಿಕೊಂಡು ಸುಧಾರಿಸಿದರು. ಅಂಗಡಿಯವರು ಸುಮ್ನೆ ಇರ್ತಾರಾ? ಒಂದು ಹಿಮ್ಮಡಿ ಎತ್ತರ, ಇನ್ನೊಂದು ತಗ್ಗು ಮಾಡಿ, ಜೋಡಿ ಅಂತಲೇ ಮಾರಿದರು. ಎರಡು ಕಾಲೂ ನೆಟ್ಟಗಿದ್ದವರು ದುಡ್ಡು ಕೊಟ್ಟು ಕುಂಟು ಕೊಂಡರು. ಅದೇ ಬೀದಿಯ ಮೂಲೆಯಲ್ಲಿ ನಿಜಕ್ಕೂ ಕುಂಟುವವನು ಕೈಚಾಚಿದ್ದರೆ ಅವನ ನಡಿಗೆಗೆ ಯಾವ ರಾಣಿಯ ಹೆಸರೂ ಸಿಗುತ್ತಿರಲಿಲ್ಲ.

ನಾವೇನು ಕಡಿಮೆಯಿಲ್ಲ. ಲ್ಯಾಟಿನ್ನಿನಲ್ಲಿ ಲೂನಾ ಅಂದರೆ ಚಂದ್ರ. ಅವನ ಕಾಟ ಇದ್ದವನು ಲುನಾಟಿಕ್, ಅಂದರೆ ಹುಚ್ಚ. 'ಅಮಾವಾಸ್ಯೆ ಹತ್ತಿರ ಬಂತು, ಹುಚ್ಚು ಜಾಸ್ತಿ' ಅಂತ ಹಳ್ಳಿಯವನು ಅಂದರೆ ಮೂಢನಂಬಿಕೆ. ಅದನ್ನೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರೆ 1912ರ ಇಂಡಿಯನ್ ಲೂನಸಿ ಆಕ್ಟ್. ಇಂಗ್ಲೆಂಡಿನವರು 1930ರಲ್ಲೇ ತಮ್ಮ ಕಾಯ್ದೆಯಲ್ಲಿ ಲುನಾಟಿಕ್ ಪದ ಕೈಬಿಟ್ಟರು. ನಾವು ಜೋಪಾನವಾಗಿ ಇಟ್ಟುಕೊಂಡೆವು. 1969ರಲ್ಲಿ ಇಬ್ಬರು ಚಂದ್ರನ ಮೇಲೆಯೇ ಓಡಾಡಿ, ಕಲ್ಲು ಮಣ್ಣು ಮೂಟೆ ಕಟ್ಟಿಕೊಂಡು ಬಂದರು. ನಮ್ಮ ಕಾಯ್ದೆ ಕದಲಲಿಲ್ಲ. ಅದರ ಜಾಗಕ್ಕೆ ಹೊಸ ಕಾಯ್ದೆ ಪಾಸಾಗಿದ್ದು 1987ರಲ್ಲಿ, ಜಾರಿಗೆ ಬಂದಿದ್ದು 1993ರಲ್ಲಿ. ನಡುವಿನ ಆರು ವರ್ಷ ಫೈಲಿಗೆ ಹಬೆ ಏರಿ ಒರಗಿತ್ತೋ ಏನೋ. ಮೂಗಿಗೆ ಸೀಸೆ ಹಿಡಿಯುವವರು ಸಿಕ್ಕಿರಲಿಕ್ಕಿಲ್ಲ.